ಗೇಣೆತ್ತರದ ಮೆಟ್ಟಿಲು

ಮೇಸ್ತ್ರಿ ಸಾಬರ ಬೆರಳುಗಳಲ್ಲಿ ಗೆರೆಗಳೇ ಇರಲಿಲ್ಲ. ಐವತ್ತು ವರ್ಷ ಸುಣ್ಣ, ಸಿಮೆಂಟು ಕಲಸಿ ಕಲಸಿ ತುದಿಗಳು ಹಳೇ ನಾಣ್ಯದ ಹಾಗೆ ಸವೆದಿದ್ದವು. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಮೆಷಿನ್ನು ತಿಂಗಳು ತಿಂಗಳೂ ಅವರನ್ನು ಗುರುತಿಲ್ಲದವರಂತೆ ತಳ್ಳಿಹಾಕುತ್ತಿತ್ತು. ಅವರು ಕೋಪ ಮಾಡಿಕೊಳ್ಳುತ್ತಿರಲಿಲ್ಲ. "ನನ್ ಗೆರೆ ಎಲ್ಲಾ ಈ ಊರ್ ಗೋಡೇಲವೆ, ಅಲ್ಲೋಗಿ ನೋಡ್ಕಳಿ" ಎಂದು ಹೆಬ್ಬೆಟ್ಟನ್ನು ಲುಂಗಿಗೆ ಒರೆಸಿ ಮತ್ತೆ ಒತ್ತುತ್ತಿದ್ದರು.

ಮಾತು ಸುಳ್ಳಲ್ಲ. ಗುಂಡ್ಲುಪೇಟೆಯ ನಮ್ಮ ಬೀದಿಯ ಅರ್ಧ ಅಂಗಡಿಗಳನ್ನು ಕಟ್ಟಿದವರು ಅವರೇ. ನಮ್ಮ ಬಟ್ಟೆ ಅಂಗಡಿಯನ್ನೂ. ಮಳೆ ಬಂದರೆ ಚರಂಡಿ ನೀರು ಒಳಗೆ ನುಗ್ಗುತ್ತದೆ, ಸ್ವಲ್ಪ ಎತ್ತರಿಸಿ ಎಂದು ಅಪ್ಪ ಹೇಳಿದ್ದರಂತೆ. ಮೇಸ್ತ್ರಿ ಧಾರಾಳವಾಗಿಯೇ ಎತ್ತರಿಸಿ, ಚಾಮರಾಜನಗರದಿಂದ ಪಾಲಿಶ್ ಮಾಡಿದ ಕರಿಕಲ್ಲು ತರಿಸಿ, ಒಂದೊಂದೂ ಗೇಣೆತ್ತರದ ಮೂರು ಮೆಟ್ಟಿಲು ಕೂರಿಸಿದರು. ಬಗ್ಗಿದರೆ ಮುಖ ಕಾಣುತ್ತಿತ್ತು. ಚಿಕ್ಕವಳಿದ್ದಾಗ ನಾನು ಅದರಲ್ಲೇ ಬೈತಲೆ ಸರಿ ಮಾಡಿಕೊಳ್ಳುತ್ತಿದ್ದೆ. ಉಳಿದ ಅಂಗಡಿಯವರೂ ಹಾಗೇ ಬೇಕೆಂದರು, ಮೇಸ್ತ್ರಿ ಹಾಗೇ ಕಟ್ಟಿಕೊಟ್ಟರು.

ಅಪ್ಪ ತೀರಿಕೊಂಡ ಮೇಲೆ ವ್ಯಾಪಾರ ವರ್ಷದಿಂದ ವರ್ಷಕ್ಕೆ ಸೊರಗಿತು. ಊಟಿ ರಸ್ತೆಯಲ್ಲಿ ಹೊಸ ಷೋರೂಮುಗಳು ಬಂದವು, ಅದೇ ಕಾರಣ ಎಂದುಕೊಂಡಿದ್ದೆ. ಸಂಕ್ರಾಂತಿ ಕಳೆದರೆ ಬಾಗಿಲು ಹಾಕಿ, ಮೊಬೈಲ್ ಅಂಗಡಿಯವರಿಗೆ ಬಾಡಿಗೆಗೆ ಕೊಡುವುದೆಂದು ಮಾತೂ ಆಗಿತ್ತು. ಅಪ್ಪ ಇದ್ದಾಗಲೇ ಮೇಸ್ತ್ರಿಯ ಮಂಡಿ ಹೋಗಿ, ಕೆಲಸ ನಿಂತು, ಎದುರಿನ ಟೀ ಅಂಗಡಿಯ ಬೆಂಚೇ ಅವರ ಮನೆಯಾಗಿತ್ತು. ಸಕ್ಕರೆ ಕಾಯಿಲೆ ಬೇರೆ. ಆದರೂ ಟೀಗೆ ಒಂದು ಚಮಚ ಹೆಚ್ಚು ಸಕ್ಕರೆ ಹಾಕಿಸಿಕೊಂಡು, ಮನೆಯಲ್ಲಿ ಹೇಳಬೇಡ ಎಂದು ನನಗೆ ಕಣ್ಸನ್ನೆ ಮಾಡುತ್ತಿದ್ದರು.

ಒಂದು ಸಂತೆಯ ದಿನ ಸಂಜೆ ರಸ್ತೆ ದಾಟಿ ಬಂದು ಮೆಟ್ಟಿಲ ಬುಡದಲ್ಲಿ ನಿಂತರು. ಅವರು ಮೇಲೆ ಬಂದು ಎಷ್ಟೋ ವರ್ಷವಾಗಿತ್ತು.

"ಅವ್ವಾ, ಬೆಳಿಗ್ಗೆಯಿಂದ ಕುಂತು ನೋಡ್ದೆ. ಹದ್ನಾರು ಜನ ಅಜ್ಜೀರು ನಿನ್ ಮೆಟ್ಲ ನೋಡ್ಬುಟ್ಟು ಅಂಗೇ ಓದ್ರು. ಅವ್ರ್ ಹಿಂದೇನೆ ಮಗ, ಸೊಸೆ, ಮೊಮ್ಮಕ್ಳೂ ಓದ್ರು. ಮದ್ವೆಗೆ ಯಾವ್ ಸೀರೆ ಅಂತ ಏಳೋಳು ಆ ಅಜ್ಜಿ ಕಣವ್ವ. ಅವ್ಳು ಹತ್ನಿಲ್ಲ ಅಂದ್ರೆ ಯಾರೂ ಹತ್ತಕಿಲ್ಲ. ಈ ಮೆಟ್ಲ ಒಡ್ಸು."

ನನಗೆ ರೇಗಿತು. "ಇದು ನಮ್ಮಪ್ಪನ ಮೆಟ್ಲು ಮೇಸ್ತ್ರಿ. ಕಟ್ಟಿದೋರು ನೀವೇ, ಈಗ ಒಡ್ಸು ಅನ್ನೋರೂ ನೀವೇನಾ?"

"ಕಟ್ದೋನು ನಾನೇ, ತಪ್ಪೂ ನಂದೇ. ಆಗ ಮಂಡಿ ಗಟ್ಟಿಯಾಗಿತ್ತು, ಗ್ಯಾನ ಬರ್ನಿಲ್ಲ." ಟೀ ಅಂಗಡಿಯ ಕಡೆ ಕೈ ತೋರಿಸಿದರು. "ನಿಮ್ಮಪ್ಪ ಕೊನೇ ಎರಡು ವರ್ಸ ಆ ಬೆಂಚಲ್ಲಿ ನನ್ ಪಕ್ಕ ಯಾಕ್ ಕೂರ್ತಿದ್ರು ಅನ್ಕಂಡಿದ್ದೀಯ?"

"ಟೀಗೆ."

"ಹತ್ತಕ್ಕಾಗ್ದೆ ಕಣವ್ವ. ಮಗ್ಳಿಗೆ ಏಳ್ಬೇಡ, ಬೇಜಾರ್ ಮಾಡ್ಕತಾಳೆ ಅಂದಿದ್ರು. ಅಲ್ಲಿಂದ್ಲೇ ಅಂಗಡಿ ನೋಡ್ಕಂಡು ಕುಂತಿರೋರು."

"ಇನ್ನು ಅಂಗಡಿ ನೀನೇ ನೋಡಿಕೋ, ನನಗೆ ಟೀ ಅಂಗಡಿಯೇ ಹಿತ" ಎಂದು ಅಪ್ಪ ಹೇಳಿದಾಗ ನಾನು ನಂಬಿಬಿಟ್ಟಿದ್ದೆ. ಎರಡು ವರ್ಷ ದಿನವೂ ಮೇಲಿನಿಂದ ಕೈ ಬೀಸಿದ್ದೆ. ಅಂದು ಸೀರೆಗಳ ಬೀರುವಿನ ಕಡೆ ತಿರುಗಿಕೊಂಡು ಅತ್ತೆ. ಆಮೇಲೆ, ನಾಳೆಯೇ ಒಡೆಯಿರಿ ಎಂದೆ.

ಬೆಳಗಾಗುವುದರೊಳಗೆ ಇಬ್ಬರು ಆಳುಗಳೊಂದಿಗೆ ಮೇಸ್ತ್ರಿ ಹಾಜರ್. ಬಕೆಟ್ಟು ಮಗುಚಿ ಅದರ ಮೇಲೆ ಕುಳಿತು ಇಡೀ ಬೀದಿಗೆ ಕೇಳುವಂತೆ ಗದರುತ್ತಿದ್ದರು. ಹಳೆಯ ಕಲ್ಲಿಗೆ ಎರಡು ಹೊಸ ಕಲ್ಲು ಸೇರಿ, ಒಂದೊಂದರ ಎತ್ತರ ತಗ್ಗಿ, ಮೂರು ಮೆಟ್ಟಿಲು ಐದಾದವು. ಕಾಲು ಜಾರದಿರಲೆಂದು ಆ ಪಾಲಿಶನ್ನು ಉಳಿಯಿಂದ ಚುಚ್ಚಿಸಿದರು. ಬಗ್ಗಿ ನೋಡಿದೆ, ಮುಖ ಕಾಣಲಿಲ್ಲ. ಪಕ್ಕದಲ್ಲಿ ಹಿಡಿದುಕೊಳ್ಳಲು ಪೈಪು ಬಂತು, ಒಳಗೆ ಕೂರಲು ಬೆಂಚು. ರಸಮಟ್ಟ ಇಟ್ಟು ನೋಡಿದ್ದು ಸಾಲದೆಂದು ಕೊನೆಗೆ ತಾವೇ ಪೈಪು ಹಿಡಿದು ಹತ್ತಿದರು. "ಮೊದ್ಲು ನಾನ್ ಹತ್ಬೇಕು. ಆಮ್ಯಾಕೆ ನಿನ್ ಗಿರಾಕಿ."

ಮದುವೆಯ ದಿನಗಳು ಶುರುವಾದವು. ತೆರಕಣಾಂಬಿಯ ಅಜ್ಜಿಯೊಬ್ಬರು ಮೆಲ್ಲಗೆ ಹತ್ತಿ ಬಂದು ಬೆಂಚಿನ ಮೇಲೆ ಕುಳಿತರು. ಹಿಂದೆಯೇ ಹನ್ನೊಂದು ಜನ. ಅರ್ಧ ದಿನ ನನ್ನ ಜೀವ ತಿಂದು, ಮೂವತ್ತು ಸೀರೆ ಬೇಡವೆಂದು, ಇಡೀ ಮನೆಗೆ ಬಟ್ಟೆ ತೆಗೆದರು. ಎದುರಿನ ಬೆಂಚಿನಿಂದ ಮೇಸ್ತ್ರಿ ಟೀ ಲೋಟ ಎತ್ತಿ ತೋರಿಸಿದರು. ಮೊಬೈಲ್ ಅಂಗಡಿಯವರಿಗೆ ಅಂಗಡಿ ಕೊಡುವುದಿಲ್ಲ ಎಂದು ಅಂದೇ ಹೇಳಿ ಕಳಿಸಿದೆ. ಬೀದಿಯವರೆಲ್ಲ ನೋಡುತ್ತಲೇ ಇದ್ದರಲ್ಲ, ಔಷಧಿ ಅಂಗಡಿಯವರು ಕರೆದರು, ಪಾತ್ರೆ ಅಂಗಡಿಯವರು ಕರೆದರು. ಎಪ್ಪತ್ತೈದರ ಮೇಸ್ತ್ರಿಗೆ ಬಿಡುವೇ ಇಲ್ಲದಂತಾಯಿತು. ನನ್ನ ಮನೆಯ ಬಚ್ಚಲು ಸೋರುತ್ತದೆಂದರೆ "ಚಾಮರಾಜನಗರದ ಕೆಲ್ಸ ಅದೆ, ಮುಂದಿನ್ ವಾರ ನೋಡನ" ಎಂದು ಜಂಭ ಮಾಡಿದರು. ತಾವು ಕಟ್ಟಿದ ಮೆಟ್ಟಿಲುಗಳನ್ನೆಲ್ಲ ತಾವೇ ಒಡೆದು, ಹತ್ತಿ ನೋಡಿ, ಒಪ್ಪಿಸುತ್ತ ಮೂರು ವರ್ಷ ಕಳೆದರು.

ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಟೀ ಅಂಗಡಿಯ ಬೆಂಚು ಖಾಲಿ ಇತ್ತು. ಹತ್ತು ಗಂಟೆಗೆ ಮೇಸ್ತ್ರಿಯ ಅಣ್ಣ ಬಂದರು, ಎಂಬತ್ತು ದಾಟಿದವರು, ಮೊಮ್ಮಗನ ಜೊತೆ. ನಾನೇ ಕೆಳಗೆ ಬರುತ್ತೇನೆಂದರೂ ಕೇಳದೆ, ಮೊಮ್ಮಗನ ಕೈ ಬಿಡಿಸಿಕೊಂಡು, ಪೈಪು ಹಿಡಿದು ಒಂದೊಂದಾಗಿ ಐದೂ ಮೆಟ್ಟಿಲು ಹತ್ತಿದರು. ಮೇಲೆ ನಿಂತು ಒಮ್ಮೆ ತಿರುಗಿ ಕೆಳಗೆ ನೋಡಿದರು.

"ನಮ್ಮುಡ್ಗ ಸರ್ಯಾಗ್ ಮಡಗವ್ನೆ ಕಣವ್ವ" ಎಂದರು. ಆಮೇಲೆ ಬೆಂಚಿನ ಮೇಲೆ ಕುಳಿತು, ತಮ್ಮನಿಗೆ ಹೊದಿಸಲು ಬಿಳಿ ಬಟ್ಟೆ ಕೇಳಿದರು.