ಟೈಲರಕ್ಕ ನೆಟ್ಟಗೆ ಮಾಡಿದ ಹೆಜ್ಜೆ

ಡೊಂಕು ಹೊಲಿಗೆ ಕಂಡರೆ ಬಿಚ್ಚಿ ಮತ್ತೆ ಹೊಲಿಯದೆ ಟೈಲರಕ್ಕನಿಗೆ ನಿದ್ದೆ ಬರದು. ಕೆಳಗೆ ಹೊಲಿಗೆ ಅಂಗಡಿ, ಮಹಡಿಯ ಮೇಲೆ ಅವಳೇ ಕಲಿಸುವ ಕರಾಟೆ ಶಾಲೆ. ಎರಡು ಕಡೆಯೂ ಅವಳದು ಅದೇ ಬುದ್ಧಿ. ಅವಳಿಗೆ ಕರಾಟೆ ಕಲಿಸಿದವನು ಸೋದರಮಾವ, ಹಳೇ ಲಾರಿ ಡ್ರೈವರು. ಪ್ರಾಯದಲ್ಲಿ ಬಂದರಿನ ಗೋದಾಮೊಂದರಲ್ಲಿ ಈ ಶೈಲಿಯ ಮೂಲ ಗುರುವಿನಿಂದಲೇ ಕಲಿತವನು. ಹಾಗಂತ ಅವನು ಹೇಳುತ್ತಾನೆ, ಅಷ್ಟೆ. ಸಾಕ್ಷಿಗೆ ಒಂದು ಫೋಟೋ ಕೂಡ ಇಲ್ಲ.

ಅದನ್ನೇ ಪರೀಕ್ಷಿಸಲು ಇವತ್ತು ಅದೇ ಶೈಲಿಯ ದೊಡ್ಡ ಶಾಲೆಯ ಹಿರಿಯರೊಬ್ಬರು ಬಂದು ಕೂತಿದ್ದರು. ಮಾವ ಕಲಿತು ಬಿಟ್ಟುಹೋದ ಮೇಲೆ ಅದೇ ಗೋದಾಮಿನಲ್ಲಿ ಕಲಿತವರು ಅವರು. "ಗುರುಗಳ ಹೆಸರು ಹೇಳ್ಕೊಂಡು ಹೊಟ್ಟೆ ಹೊರ್ಯೋರು ಗಲ್ಲಿಗೊಬ್ರು ಆಗಿದಾರಮ್ಮ," ಎಂದು ಮುಖಕ್ಕೆ ಹೊಡೆದಂತೆ ಹೇಳಿದ್ದರು. ಅವರು ಒಪ್ಪದಿದ್ದರೆ ಮುಗಿಯಿತು: ಬೋರ್ಡಿನಿಂದ ಶೈಲಿಯ ಹೆಸರು ಅಳಿಸಬೇಕು, ಮಾವ ಎಲ್ಲರೆದುರು ಸುಳ್ಳುಗಾರ. ಮಾವ ಮೂಲೆಯ ಕುರ್ಚಿಯಲ್ಲಿ ಕೋಲು ಹಿಡಿದು ಕೂತಿದ್ದ. ಟೈಲರಕ್ಕನ ಶಿಷ್ಯರು ಗೋಡೆಯುದ್ದಕ್ಕೂ ಸಾಲಾಗಿ ನಿಂತಿದ್ದರು.

ಮಾವ ಕಲಿಸಿದ ಹೆಜ್ಜೆ-ಏಟುಗಳ ವರಸೆಯನ್ನು ಅವಳು ಶುರು ಮಾಡಿದಳು. ಅದರ ನಡುವೆ ಒಂದು ಜಾಗ ಬರುತ್ತದೆ. ಅಲ್ಲಿ ನೇರ ಹೋಗದೆ ಎಡಕ್ಕೆ ಸರಿದು ಬಳಸಿಕೊಂಡು ಹೋಗಬೇಕೆಂದು ಮಾವ ಕಲಿಸಿದ್ದ. ಬೇರೆ ಶಾಲೆಗಳ ವಿಡಿಯೋ ನೋಡಿದರೆ ಎಲ್ಲರೂ ನೇರವಾಗಿಯೇ ಹೋಗುತ್ತಾರೆ. ಯಾಕೆ ಮಾವ ಎಂದು ಕೇಳಿದರೆ, "ಅಲ್ಲಿ ಹಾಗೇ ಹೋಗ್ಬೇಕು, ಬಾಯ್ಮುಚ್ಕೊಂಡು ಮಾಡು!" ಮುದುಕನಿಗೆ ಮರೆವು ಎಂದುಕೊಂಡು ಅವಳು ಆ ಡೊಂಕು ತೆಗೆದು ನೆಟ್ಟಗೆ ಮಾಡಿದ್ದಳು. ಮಾವ ವಾರಗಟ್ಟಲೆ ಮಾತು ಬಿಟ್ಟಿದ್ದ. ಇವತ್ತೂ ಅವಳು ಗೆರೆ ಎಳೆದ ಹಾಗೆ ನೇರವಾಗಿಯೇ ಹೋದಳು.

ಹಿರಿಯರು ಕೈಯೆತ್ತಿ ನಿಲ್ಲಿಸಿದರು. "ಚೆನ್ನಾಗಿ ಮಾಡ್ತೀಯ. ಆದ್ರೆ ಇದು ಆ ಗೋದಾಮಿನ ವರಸೆ ಅಲ್ಲ. ವಿಡಿಯೋ ನೋಡಿ ಕಲಿತೋರು ಹೀಗೆ ಹೋಗ್ತಾರೆ, ಅಲ್ಲಿ ಕಲಿತೋರು ಯಾರೂ ಹೋಗಲ್ಲ." ಎದ್ದು ಬಾಗಿಲ ಕಡೆ ನಡೆದೇಬಿಟ್ಟರು.

ಅಯ್ಯೋ ದೇವರೇ! ಅವಳು ಹಿಂದೆಯೇ ಓಡಿದಳು. "ಸಾರ್, ಮಾವ ಬೇರೆ ಥರಾನೇ ಹೇಳ್ಕೊಟ್ಟಿದ್ದ. ನಾನೇ ಬದಲಾಯಿಸ್ದೆ," ಎಂದು ಗೋಗರೆದಳು.

"ಈಗ ಹೇಳಿದ್ರೆ ಯಾರಮ್ಮ ನಂಬ್ತಾರೆ?"

ಕೋಲು ನೆಲಕ್ಕೆ ಬಿದ್ದ ಸದ್ದಾಯಿತು. ಮಾವ ಎದ್ದಿದ್ದ. ಗೋಡೆ ಹಿಡಿದುಕೊಂಡು ಬಂದು ನಡುವೆ ನಿಂತು, ನಡುಗುವ ಕಾಲಲ್ಲೇ ವರಸೆ ಶುರು ಮಾಡಿದ. ಬಿದ್ದಾನೆಂದು ಅವಳು ಕೈ ಚಾಚಿದಳು. ಆ ಜಾಗ ಬಂತು. ಎಡಕ್ಕೆ ಸರಿದ, ಬಲಭುಜ ಒಳಗೆಳೆದುಕೊಂಡ, ಬಳಸಿ ಹೋದ.

ಹಿರಿಯರು ಬಾಗಿಲಲ್ಲೇ ನಿಂತುಬಿಟ್ಟರು. "ಭುಜ ಯಾಕೆ ಎಳ್ಕೊಂಡ್ರಿ?"

"ಕಂಬ ಇತ್ತಲ್ಲಪ್ಪ ಆ ಗೋದಾಮಲ್ಲಿ! ಅದ್ರಲ್ಲಿ ತುಕ್ಕು ಹಿಡಿದ ಮೊಳೆ ಬೇರೆ. ಅಂಗಿ ಹರ್ಕೊಂಡು ಹೋದ್ರೆ ಅಮ್ಮ ಸುಮ್ನೆ ಬಿಡ್ತಿದ್ಲಾ?"

ಹಿರಿಯರು ಸೊಂಟ ಬಗ್ಗಿಸಿ ವಂದಿಸಿದರು. "ಆ ಮೊಳೆ ಅಲ್ಲಿ ಕಲಿತೋರಿಗೆ ಮಾತ್ರ ಗೊತ್ತು. ಬೋರ್ಡು ಇರ್ಲಿ, ಅಣ್ಣ." ಆಮೇಲೆ ಅವಳತ್ತ ತಿರುಗಿದರು. "ನೀನು ಸದ್ಯಕ್ಕೆ ಕಲಿಸ್ಬೇಡ. ಮೊದ್ಲು ಇವರ ಹತ್ರ ಕಲಿ."

ಅಷ್ಟೂ ಶಿಷ್ಯರ ಮುಂದೆ! ನಾಚಿಕೆಯಿಂದ ಅವಳ ಕಣ್ಣು ತುಂಬಿತು. "ಕಂಬ ಅಂತ ಒಂದು ಮಾತು ಹೇಳ್ಬಾರ್ದಿತ್ತಾ, ಮಾವ?"

"ಹೇಳಿದ್ರೆ, ಇಲ್ಲಿ ಕಂಬ ಇಲ್ವಲ್ಲ ಅಂತ ಆವತ್ತೇ ಆ ಹೆಜ್ಜೆ ಕಿತ್ತು ಹಾಕ್ತಿದ್ದೆ ನೀನು."

ಅವಳು ಬೆಲ್ಟ್ ಬಿಗಿಮಾಡಿಕೊಂಡು ಅವನ ಹಿಂದೆ ಬಂದು ನಿಂತಳು.