ದಣಿದ ಮೇಲೆ ಬರೆದ ಹದಿನಾಲ್ಕು ಹೆಸರುಗಳು

೧೯೯೧ರಲ್ಲಿ ನಾನು ವಿಶಾಖಪಟ್ಟಣದ ಅಂಚಿನ ಪೆಂದುರ್ತಿಯಲ್ಲಿ, ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಕುಳಿತು, ಸರ್ಟಿಫಿಕೇಟುಗಳ ಮೇಲೆ ಹೆಸರು ಬರೆಯುವ ಕೆಲಸ ಮಾಡುತ್ತಿದ್ದೆ. ಸಂಘದ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ‘ಕ್ಯಾಲಿಗ್ರಾಫರ್’ ಎಂದು ಬರೆದುಕೊಂಡಿದ್ದರು. ಆ ಪದವನ್ನು ನಾನಾಗಿ ಹೇಳಿಕೊಳ್ಳಲು ಕೊನೆಯವರೆಗೂ ನಾಚಿಕೆಯಾಗುತ್ತಿತ್ತು. ಮಕ್ಕಳೇ, ನಿಮಗೆ ಕನ್ನಡ ಓದುವುದು ನಿಧಾನ. ಕಷ್ಟವಾದರೆ ನಿಮ್ಮ ಅಮ್ಮ ಓದಿ ಹೇಳಲಿ. ಅವಳಿಗೂ ನಾನು ಹೇಳದೆ ಉಳಿಸಿಕೊಂಡದ್ದು ಇದರಲ್ಲಿ ಸ್ವಲ್ಪ ಇದೆ.

ನಾನು ನಾಗಮಂಗಲದ ಕಡೆಯ ಹಳ್ಳಿಯ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವಳು. ನಿಮ್ಮ ತಾತ ಬ್ಯಾಂಕಿನಲ್ಲಿದ್ದರು. ವರ್ಗವಾಗಿ ಇಲ್ಲಿಗೆ ಬಂದ ನಾಲ್ಕನೇ ವರ್ಷ ತೀರಿಕೊಂಡರು. ನಿಮ್ಮ ಅಮ್ಮನ ಓದು ನಡುವೆ ನಿಲ್ಲಬಾರದೆಂದು ನಾನು ಊರಿಗೆ ಮರಳಲಿಲ್ಲ. ಅವಳ ನೋಟ್‌ಬುಕ್ಕುಗಳ ಲೇಬಲ್ಲಿನ ಮೇಲೆ ತೆಲುಗು ಅಕ್ಷರಗಳನ್ನು ಪಾಠದ ಪುಸ್ತಕ ನೋಡಿಕೊಂಡು ಬರೆದುಕೊಡುತ್ತಿದ್ದೆ. ಅದು ಶಾಲೆಯ ಡ್ರಾಯಿಂಗ್ ಮಾಸ್ಟರ ಕಣ್ಣಿಗೆ ಬಿತ್ತು. ಸತ್ಯಂ ಮಾಸ್ಟರ್ ಎಂದು ಎಲ್ಲರೂ ಕರೆಯುತ್ತಿದ್ದ ಅವರು ಅಕ್ಷರ ಬರೆಯುವವರ ಒಂದು ಸಣ್ಣ ಸಂಘ ನಡೆಸುತ್ತಿದ್ದರು. “ಇದು ಯಾರ ಕೈ? ಕರೆದುಕೊಂಡು ಬಾ,” ಎಂದು ಮಗಳ ಹತ್ತಿರ ಹೇಳಿ ಕಳುಹಿಸಿದರು.

ಸಂಘ ತಿಂಗಳ ಎರಡನೇ ಭಾನುವಾರ ಆ ಶಾಲೆಯದೇ ಒಂದು ಕೋಣೆಯಲ್ಲಿ ಸೇರುತ್ತಿತ್ತು. ಬೋರ್ಡು ಬರೆಯುವ ನಾಲ್ಕೈದು ಮಂದಿ, ಒಬ್ಬ ಡ್ರಾಫ್ಟ್ಸ್‌ಮನ್, ಕೆಲವರು ಕಾಲೇಜಿನವರು. ಹೆಂಗಸು ನಾನೊಬ್ಬಳೇ. ಬರೆದ ಹಾಳೆಗಳನ್ನು ಹೆಸರು ಹಾಕದೆ ನೆಲದ ಮೇಲೆ ಸಾಲಾಗಿ ಹರಡುವುದು ಅಲ್ಲಿನ ಪದ್ಧತಿ. ಮಾಸ್ಟರ್ ನಡೆಯುತ್ತಾ ತಪ್ಪು ಕಂಡಲ್ಲೆಲ್ಲ ಒಂದೊಂದು ಹುಣಸೆ ಬೀಜ ಇಡುತ್ತಿದ್ದರು. ಯಾರ ಹಾಳೆ ಎಂದು ಕೇಳುತ್ತಿರಲಿಲ್ಲ. ಆ ಒಂದು ಕಾರಣಕ್ಕೇ ನಾನು ಎರಡನೆಯ ಸಲವೂ ಹೋದೆ ಎಂದು ಕಾಣುತ್ತದೆ.

ನನ್ನ ಹಾಳೆಯ ಬೀಜಗಳೆಲ್ಲ ಬೀಳುತ್ತಿದ್ದುದು ಒಂದೇ ಜಾಗದಲ್ಲಿ, ತಲೆಕಟ್ಟಿನ ಮೇಲೆ. ಕನ್ನಡದ ಅಕ್ಷರಗಳೂ ತೆಲುಗಿನ ಅಕ್ಷರಗಳೂ ಅಕ್ಕತಂಗಿಯರ ಹಾಗೆ ಇರುತ್ತವೆ. ಆದರೆ ನಮ್ಮ ಕ, ನ, ಮ ಅಕ್ಷರಗಳ ತಲೆಯ ಮೇಲೆ ಗೆರೆ ಅಡ್ಡಲಾಗಿ ಮಲಗಿ ತುದಿಯಲ್ಲಿ ಬಾಗುತ್ತದೆ. ತೆಲುಗಿನಲ್ಲಿ ಅದು ಟೀಚರ್ ಹಾಕುವ ಸರಿ ಗುರುತಿನಂತೆ ಬಲಕ್ಕೆ ಮೇಲೇಳಬೇಕು. ನಾವು ಬಳಸುತ್ತಿದ್ದುದು ತುದಿ ಚಪ್ಪಟೆಯಾಗಿ ಕತ್ತರಿಸಿದ ನಿಬ್ಬು. ಅದನ್ನು ಕೆಳಗಿನಿಂದ ಮೇಲಕ್ಕೆ ತಳ್ಳುವಾಗ ಕೈ ಸ್ವಲ್ಪ ಭಾರವಾದರೂ ಕಾಗದಕ್ಕೆ ಸಿಕ್ಕಿಕೊಂಡು ಶಾಯಿ ಸಿಡಿಯುತ್ತದೆ. ಅಡ್ಡಕ್ಕೆ ಎಳೆಯುವುದು ಸುಲಭ. ಜೊತೆಗೆ ಅದು ನಾನು ಆರನೇ ವಯಸ್ಸಿನಿಂದ ಎಳೆದ ಗೆರೆ.

“ಮತ್ತೆ ಮೈಸೂರು ಚಪ್ಪರ ಹಾಕಿದರು ಯಾರೋ!” ಎಂದು ಮಾಸ್ಟರ್ ನಗುತ್ತಿದ್ದರು. “ಮಳೆ ಬಂದರೆ ನಮ್ಮ ಅಕ್ಷರಗಳೆಲ್ಲ ಅದರಡಿ ನಿಂತುಕೊಳ್ಳಬಹುದು.”

ಹೆಸರು ಹೇಳದಿದ್ದರೂ ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಎರಡು ವರ್ಷ ದಿನವೂ ಬೆಳಿಗ್ಗೆ ಒಂದು ಗಂಟೆ ಆ ಒಂದೇ ಗೆರೆ ತಿದ್ದಿದೆ. ಆಮೇಲೆ ಬೀಜ ಬೀಳುವುದು ನಿಂತಿತು.

ಆಗ ಮಾಸ್ಟರ್ ನಮ್ಮಲ್ಲಿ ಮೂವರನ್ನು ವಿಜಯವಾಡದಲ್ಲಿ ನಡೆದ ಮೂರು ದಿನದ ಕಾರ್ಯಾಗಾರಕ್ಕೆ ಕರೆದೊಯ್ದರು. ಕೊನೆಯ ದಿನ ನಮ್ಮ ಹಾಳೆಗಳನ್ನು ಗೋಡೆಗೆ ಹಾಕಿದ್ದರು. ನೋಡಲು ಬಂದ ಒಂದು ನರ್ಸಿಂಗ್ ತರಬೇತಿ ಶಾಲೆಯ ಪ್ರಿನ್ಸಿಪಾಲರಿಗೆ ಅವು ಮೆಚ್ಚುಗೆಯಾಗಿ, ಆ ವರ್ಷದ ನೂರ ಎಂಬತ್ತು ಸರ್ಟಿಫಿಕೇಟುಗಳ ಕೆಲಸ ಸಂಘಕ್ಕೆ ಬಂತು. ತೆಲುಗಿನಲ್ಲಿ ಹೆಸರು ಬರೆಯುವುದು ನನ್ನ ಪಾಲು. ಕೆಳಗೆ ಇಂಗ್ಲಿಷಿನಲ್ಲಿ ಬರೆಯುವುದು ಡ್ರಾಫ್ಟ್ಸ್‌ಮನ್ ಪಾಲು. ಶಾಲೆಯವರು ಒಂದು ಕರಾರು ಹಾಕಿದರು. ಮುಂದೆ ಯಾರಾದರೂ ಹೆಸರು ಅಳಿಸಿ ಬೇರೆ ಹೆಸರು ಬರೆದುಕೊಂಡರೆ ಗೊತ್ತಾಗಬೇಕು, ಆದ್ದರಿಂದ ತೆಲುಗು ಹೆಸರುಗಳೆಲ್ಲ ಒಂದೇ ಕೈಯಲ್ಲಿ, ಒಂದೇ ರೀತಿಯಲ್ಲಿ ಇರಬೇಕು; ಹಾಗಿದೆ ಎಂದು ಮಾಸ್ಟರ್ ಸಹಿ ಹಾಕಿ ಕೊಡಬೇಕು.

ನನಗೆ ಸಿಕ್ಕಿದ್ದು ಎಂಟು ದಿನ. ದಿನಕ್ಕೆ ಇಪ್ಪತ್ತೈದರಂತೆ ಎರಡು ದಿನ ಬರೆದೆ. ಮೂರನೆಯ ದಿನ ನಿಮ್ಮ ಅಮ್ಮನಿಗೆ ಕಾಮಾಲೆ ಕಾಣಿಸಿತು. ಅವಳಿಗೆ ಗಂಜಿ ಕಾಯಿಸುತ್ತಾ, ಆಸ್ಪತ್ರೆಯ ಕ್ಯೂನಲ್ಲಿ ನಿಲ್ಲುತ್ತಾ, ನಡುನಡುವೆ ಐದು ದಿನದಲ್ಲಿ ಬರೆದದ್ದು ಐವತ್ತೆಂಟು. ಎಂಟನೆಯ ದಿನಕ್ಕೆ ಎಪ್ಪತ್ತೆರಡು ಉಳಿದವು. ಬೆಳಿಗ್ಗೆ ಕುಳಿತವಳು ಸಂಜೆಯ ಹೊತ್ತಿಗೆ ಮುಗಿಸಿದೆ. ಒಣಗಲು ಹರಡಿ ನೋಡಿದಾಗ ಕೊನೆಯ ಹದಿನಾಲ್ಕು ಹೆಸರುಗಳ ತಲೆಕಟ್ಟು ಅಡ್ಡಲಾಗಿ ಮಲಗಿತ್ತು. ಯಾವಾಗ ಕೈ ತಿರುಗಿತೋ ನನಗೆ ತಿಳಿದೇ ಇರಲಿಲ್ಲ. ಬದಲಿಗೆ ಬರೆಯಲು ಖಾಲಿ ಸರ್ಟಿಫಿಕೇಟು ಒಂದೂ ಇರಲಿಲ್ಲ.

ಮಾಸ್ಟರ್ ರೈಲಿಗೆ ಹೊರಟ ಅವಸರದಲ್ಲಿ ಬಾಗಿಲಲ್ಲೇ ನಿಂತು ಕಟ್ಟು ತೆಗೆದುಕೊಂಡರು. ಮೇಲಿನ ನಾಲ್ಕೈದು ಹಾಳೆ ತಿರುವಿ, “ಎಲ್ಲ ಸರಿಯಾಗಿದೆ ತಾನೇ ತಲ್ಲೀ?” ಎಂದರು, ನಾವು ತಾಯೀ ಎನ್ನುವ ಹಾಗೆ.

ನಾನು ತಲೆಯಾಡಿಸಿದೆ.

ಒಂದೂವರೆ ವರ್ಷ ಕಳೆಯಿತು. ಒಂದು ಸೋಮವಾರ ಬೆಳಿಗ್ಗೆ ಮಾಸ್ಟರ್ ಒಬ್ಬ ಹುಡುಗಿಯನ್ನು ಕರೆದುಕೊಂಡು ಮನೆಗೆ ಬಂದರು. ಅವಳ ಹೆಸರು ಕನಕಮಹಾಲಕ್ಷ್ಮಿ. ನಮ್ಮ ವಿಶಾಖಪಟ್ಟಣದವಳೇ. ತಂದೆ ಇಲ್ಲ, ತಾಯಿ ಮೀನು ಮಾರಿ ಓದಿಸಿದ್ದಳು. ವಿಜಯವಾಡದ ಒಂದು ಆಸ್ಪತ್ರೆಯಲ್ಲಿ ನರ್ಸ್ ಕೆಲಸಕ್ಕೆ ಆಯ್ಕೆಯಾಗಿದ್ದಳು. ಅವಳ ಜೊತೆ ಓದಿದ ಇನ್ನೊಬ್ಬಳೂ ಆಯ್ಕೆಯಾಗಿದ್ದಳು. ಇಬ್ಬರ ಸರ್ಟಿಫಿಕೇಟುಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ ಅಲ್ಲಿನ ಆಡಳಿತಾಧಿಕಾರಿಗೆ ಕನಕಳದ್ದರ ಮೇಲೆ ಅನುಮಾನ ಬಂತು. ಹೆಸರಿನ ಬರಹ ಬೇರೆ. ಶಾಲೆಗೆ ಬರೆದು ಕೇಳಿದರು. ಪ್ರಿನ್ಸಿಪಾಲರು ಬದಲಾಗಿದ್ದರು. ಹೊಸಬರು ಕಡತ ತೆಗೆದು, ಈ ಹೆಸರಿನವಳು ಪಾಸಾಗಿರುವುದು ನಿಜ, ಹೆಸರುಗಳೆಲ್ಲ ಒಂದೇ ಕೈಯಲ್ಲಿ ಒಂದೇ ರೀತಿ ಬರೆದವು ಎಂಬುದೂ ನಿಜ ಎಂದು ಉತ್ತರಿಸಿದರು. ಹಾಗಾದರೆ ಪಾಸಾದ ಹುಡುಗಿ ಇವಳಲ್ಲ, ಬೇರೆ ಯಾರದೋ ಕಾಗದದ ಮೇಲೆ ಆ ಹೆಸರು ತಿದ್ದಿಕೊಂಡು ಬಂದಿದ್ದಾಳೆ ಎಂದಾಯಿತು. ನಕಲು ಪ್ರತಿ ಪಡೆಯಲು ತಿಂಗಳುಗಳೇ ಬೇಕು. ಶುಕ್ರವಾರದೊಳಗೆ ಕೆಲಸಕ್ಕೆ ಸೇರದಿದ್ದರೆ ಮುಂದಿನ ಹೆಸರಿಗೆ ಹೋಗುತ್ತದೆ.

ಮಾಸ್ಟರ್ ಸರ್ಟಿಫಿಕೇಟಿನ ಜೆರಾಕ್ಸ್ ನನ್ನ ಮುಂದಿಟ್ಟರು. ನೋಡುವ ಅಗತ್ಯವೇ ಇರಲಿಲ್ಲ. ಕ, ನ, ಕ, ಮ, ನಾಲ್ಕಕ್ಕೂ ಚಪ್ಪರ.

“ನಿನ್ನದೇ ಅಲ್ಲವಾ ತಲ್ಲೀ?” ಎಂದರು ಮೆಲ್ಲಗೆ.

“ನಂದೇ.”

“ಅಯ್ಯೋ, ಬದುಕಿದೆ!” ಎಂದು ಕನಕ ನನ್ನ ಎರಡೂ ಕೈ ಹಿಡಿದುಕೊಂಡಳು. “ನೀವು ಬಂದು ಒಂದು ಮಾತು ಹೇಳಿದರೆ ಸಾಕು ಅಮ್ಮಾ. ನಮ್ಮಮ್ಮ ಮೂರು ದಿನದಿಂದ ಅಡುಗೆ ಮಾಡಿಲ್ಲ. ಸಿಂಹಾಚಲಂ ಅಪ್ಪನ್ನ ಸ್ವಾಮಿಗೆ ಮುಡಿ ಕೊಡ್ತೀನಿ ಅಂತ ಹರಕೆ ಹೊತ್ತಿದಾಳೆ. ಬಂದು ಹೇಳಿ, ಅವಳ ಹರಕೆ ತೀರಲಿ!”

ಗೊತ್ತಿದ್ದೂ ಕೊಟ್ಟೆ ಎಂಬ ಮಾತು ನನ್ನ ಬಾಯಿಂದ ಆಗಲೂ ಹೊರಡಲಿಲ್ಲ. ಮಾಸ್ಟರ್ ಮಾತ್ರ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಎದ್ದುಹೋದರು.

ಮಂಗಳವಾರ ಬೆಳಗಿನ ರೈಲಿನಲ್ಲಿ ನಾನೂ ಕನಕಳೂ ಹೊರಟೆವು. ದಾರಿಯುದ್ದಕ್ಕೂ ಅವಳು ಮಾತಾಡುತ್ತಲೇ ಇದ್ದಳು, ನಾನು ಕಿಟಕಿಯಾಚೆ ನೋಡುತ್ತಿದ್ದೆ. ಅವಳ ಗೆಳತಿಯ ಹಾಸ್ಟೆಲಿನಲ್ಲಿ ಉಳಿದು, ಬುಧವಾರ ಹತ್ತು ಗಂಟೆಗೆ ಆಸ್ಪತ್ರೆಯ ಕಚೇರಿಗೆ ಹೋದೆವು.

ಆಡಳಿತಾಧಿಕಾರಿ ಐವತ್ತು ದಾಟಿದವರು, ಮಾತಿನಲ್ಲಿ ಮರ್ಯಾದಸ್ತರು. ನಾನು ಬಂದ ಕಾರಣ ಕೇಳಿ, ಬಿಳಿ ಹಾಳೆ ಕೊಟ್ಟು, “ಈ ಹೆಸರು ಬರೆಯಿರಿ ಅಮ್ಮಾ,” ಎಂದರು. ನಾನು ನಿಬ್ಬು, ಶಾಯಿ ತಂದಿದ್ದೆ. ಬರೆದೆ. ತಲೆಕಟ್ಟುಗಳೆಲ್ಲ ಹಕ್ಕಿಯ ರೆಕ್ಕೆಯಂತೆ ಮೇಲೆದ್ದಿದ್ದವು. ಹೆದರಿಕೆಯಲ್ಲಿ ಗಮನವೆಲ್ಲ ಗೆರೆಯ ಮೇಲೇ ಇತ್ತು, ಕೈ ಕಲಿತದ್ದನ್ನೇ ಬರೆಯಿತು.

“ಇದು ಆ ಇನ್ನೊಬ್ಬ ಹುಡುಗಿಯ ಸರ್ಟಿಫಿಕೇಟಿನ ಕೈ,” ಎಂದರು ಅವರು. “ಇವಳದಲ್ಲ.”

ಇನ್ನೊಂದು ಸಲ ಬೇಕೆಂದೇ ಅಡ್ಡಲಾಗಿ ಎಳೆದು ಬರೆದೆ. ಗೆರೆ ಬಿಗಿದುಕೊಂಡು ಕೋಲಿನಂತೆ ಬಂತು. ಅವರು ತಲೆಯಲ್ಲಾಡಿಸಿದರು. “ನೋಡಿಕೊಂಡು ಯಾರು ಬೇಕಾದರೂ ಬರೆಯಬಹುದು. ನಿಮ್ಮದು ಒಳ್ಳೇ ಮನಸ್ಸು. ಆದರೆ ಹುಡುಗಿಯ ಮೇಲಿನ ಕನಿಕರಕ್ಕೆ ಸುಳ್ಳು ಹೇಳಬಾರದು.”

ಕನಕ ಅಳಲು ಶುರುಮಾಡಿದಳು. ನಾಲ್ಕು ಜನರ ಎದುರು ಗಟ್ಟಿಯಾಗಿ ಮಾತಾಡಿದವಳಲ್ಲ ನಾನು. ಆದರೂ ಅಂದು ಹೇಗೋ ಹೇಳಿದೆ:

“ಸಾರ್, ನಾನು ದಣಿಯಬೇಕು.”

“ಏನಂದಿರಿ?”

“ಆವತ್ತು ಎಪ್ಪತ್ತೆರಡು ಬರೆದಿದ್ದೆ. ಕೈ ಸೋತ ಮೇಲೆ ನನ್ನ ಕನ್ನಡದ ಗೆರೆ ಬಂದುಬಿಡ್ತದೆ. ಇವತ್ತೂ ಎಪ್ಪತ್ತೆರಡು ಹೆಸರು ಕೊಡಿ.”

ಪಕ್ಕದ ಮೇಜಿನ ಟೈಪಿಸ್ಟ್ ಹೆಂಗಸು ನಕ್ಕಳು. “ದಣಿಯೋದಕ್ಕೂ ಅಪ್ಪಣೆ ಬೇಕಾ ಅಮ್ಮಗಾರೂ? ನಮ್ಮ ಆಫೀಸಿಗೆ ಸೇರಿಕೊಳ್ಳಿ, ಮಧ್ಯಾಹ್ನದೊಳಗೆ ತಾನಾಗಿ ಆಗುತ್ತೆ.”

ಅಧಿಕಾರಿ ನಗಲಿಲ್ಲ. ಸ್ವಲ್ಪ ಯೋಚಿಸಿ, ಒಳಗೆ ಹೋಗಿ ಸಿಬ್ಬಂದಿಯ ಹೆಸರುಗಳ ಪಟ್ಟಿಯೊಂದನ್ನು ತಾವೇ ಬರೆದು ತಂದರು. ಟೈಪಿಸ್ಟಳ ಕಣ್ಣೆದುರಿಗೇ ಕುಳಿತು ಬರೆಯಬೇಕು, ಬರೆದ ಹಾಳೆಯನ್ನು ಕೂಡಲೇ ಅವಳಿಗೆ ಕೊಡಬೇಕು, ಹಿಂದಕ್ಕೆ ಕೇಳಬಾರದು. ಕನಕಳನ್ನು ಹೊರಗೆ ಕೂರಿಸಿದರು.

ಹನ್ನೊಂದಕ್ಕೆ ಶುರುಮಾಡಿದೆ. ಇಪ್ಪತ್ತರ ಹೊತ್ತಿಗೆ ಹೆಬ್ಬೆರಳಿನ ಬುಡ ನೋಯತೊಡಗಿತು. ಮೂವತ್ತಾರನೆಯದಾಗಿ ಕನಕಳ ಹೆಸರೇ ಬಂತು. ಅದು ಪಟ್ಟಿಯಲ್ಲಿ ಎರಡನೆಯ ಸಲ ಎಂದು ಆಗ ಗಮನಿಸಿದೆ. ಊಟಕ್ಕೆ ಎದ್ದರೆ ಕೈ ಸುಧಾರಿಸಿಕೊಂಡುಬಿಡುತ್ತದೆ ಎಂದು ಏಳಲಿಲ್ಲ. ಟೈಪಿಸ್ಟ್ ತನ್ನ ಡಬ್ಬಿಯ ಮೊಸರನ್ನದಲ್ಲಿ ಒಂದು ಪಾಲು ಮುಂದೆ ಸರಿಸಿದಳು. ಬೇಡವೆಂದೆ. “ನಮ್ಮತ್ತೆಯೂ ಹೀಗೇ, ಹಟಮಾರಿ,” ಎಂದಳು. ಐವತ್ತಾದ ಮೇಲೆ ಬೆನ್ನು, ಕುತ್ತಿಗೆ, ಕಣ್ಣು ಯಾವುದೂ ನನ್ನದೆನಿಸಲಿಲ್ಲ. ಜೀವನದಲ್ಲಿ ನಾನು ದಣಿವನ್ನು ಬಾ ಎಂದು ಕಾಯ್ದದ್ದು ಅದೊಂದೇ ದಿನ. ಅರವತ್ತರ ಮೇಲಿನ ಹೆಸರುಗಳು ಯಾರವೆಂದು ಈಗ ಕೇಳಿದರೂ ಹೇಳಲಾರೆ.

ನಾಲ್ಕು ಗಂಟೆಗೆ ಅಧಿಕಾರಿ ಕನಕಳನ್ನು ಒಳಕ್ಕೆ ಕರೆದು, ಹಾಳೆಗಳನ್ನು ಮೇಜಿನ ಮೇಲೆ ಜೋಡಿಸಿದರು. ಅವಳ ಹೆಸರನ್ನು ಮೂರು ಕಡೆ ಸೇರಿಸಿದ್ದರು. ಮೊದಲಿನ ಎರಡರಲ್ಲಿ ತಲೆಕಟ್ಟು ಮೇಲೆದ್ದಿತ್ತು. ಎಪ್ಪತ್ತನೆಯ ಜಾಗದಲ್ಲಿದ್ದ ಮೂರನೆಯದರಲ್ಲಿ ಮಲಗಿತ್ತು. ಅದರ ಪಕ್ಕಕ್ಕೆ ಸರ್ಟಿಫಿಕೇಟು ಇಟ್ಟರು. ಗೆರೆ ಬಾಗುವ ಮುನ್ನ ನಿಬ್ಬು ಚೂರು ಎದ್ದು ಬಿಟ್ಟ ಬಿಳಿ ಸೀಳು ಕೂಡ ಎರಡರಲ್ಲೂ ಒಂದೇ ಕಡೆ ಇತ್ತು. ಅವರು ಭೂತಗನ್ನಡಿ ಹಿಡಿದು ಎರಡು ಸಲ ನೋಡಿದರು.

“ಸರಿ,” ಎಂದರು. “ಇದು ನಿಮ್ಮ ಕೈಯೇ. ಹೀಗೆ ಎಷ್ಟು ಬರೆದಿದ್ದಿರಿ?”

“ಹದಿನಾಲ್ಕು.”

“ಎಣಿಸಿದ್ದಿರಾ? ಅಂದರೆ ಆವತ್ತೇ ಗೊತ್ತಿತ್ತು.”

“ಗೊತ್ತಿತ್ತು ಸಾರ್.”

“ಗೊತ್ತಿದ್ದೂ ಕೊಟ್ಟಿರಾ?”

“ಕೊಟ್ಟೆ.”

ಅದನ್ನು ಹಾಗೇ ಟೈಪ್ ಮಾಡಿಸಿ ನನ್ನ ಸಹಿ ತೆಗೆದುಕೊಂಡರು. ಕನಕಳಿಗೆ, “ಶುಕ್ರವಾರ ಬಂದು ಸೇರಮ್ಮಾ,” ಎಂದರು.

ಹೊರಗೆ ಬಂದು ಬಹಳ ದೂರ ನಡೆದ ಮೇಲೆ ಕನಕ ಕೇಳಿದಳು. “ರೈಲಿನಲ್ಲಿ ಇಡೀ ದಿನ ನನ್ನ ಪಕ್ಕದಲ್ಲೇ ಕೂತಿದ್ದಿರಿ. ಆಗಲಾದರೂ ಹೇಳಬಹುದಿತ್ತಲ್ಲ ಅಮ್ಮಾ?”

ಅವಳು ಸ್ಟೇಷನ್ನಿನವರೆಗೂ ಬಂದಳು, ಸೀಟು ಹುಡುಕಿಕೊಟ್ಟಳು, ನೀರು ತುಂಬಿಸಿ ತಂದಳು. ಆದರೆ ಮತ್ತೆ ಮಾತಾಡಲಿಲ್ಲ. ಅವಳು ಕೆಲಸಕ್ಕೆ ಸೇರಿದ ಸಂಗತಿ ಆಮೇಲೆ ಆ ಅಧಿಕಾರಿ ಮಾಸ್ಟರಿಗೆ ಬರೆದ ಕಾಗದದಿಂದ ತಿಳಿಯಿತು.

ಮಾಸ್ಟರಿಗೆ ಎಲ್ಲವನ್ನೂ ಹೇಳಿದೆ. ಅವರು ಬಯ್ಯಲಿಲ್ಲ. “ನಾನೂ ಕಟ್ಟನ್ನು ಬಿಚ್ಚಿ ಕೊನೆಯವರೆಗೆ ನೋಡಬೇಕಿತ್ತು,” ಎಂದರು. ಆ ಶಾಲೆಯ ಕೆಲಸ ಸಂಘದ ಕೈ ತಪ್ಪಿತು. ಉಳಿದ ಹದಿಮೂರು ಹುಡುಗಿಯರ ವಿಳಾಸ ಪಡೆದು, ಶಾಲೆಯ ಒಂದು ದೃಢೀಕರಣದ ಜೊತೆ ನಾನೇ ಕಾಗದ ಬರೆದೆ. ಅದಕ್ಕೆ ಒಂದು ವರ್ಷದ ಮೇಲೆ ಹಿಡಿಯಿತು. ಹೆಚ್ಚಿನವರು ಉತ್ತರಿಸಲಿಲ್ಲ. ಇಬ್ರಾಹಿಂಪಟ್ನಂನಲ್ಲಿದ್ದ ಒಬ್ಬಳನ್ನು ಹೋಗಿ ಕಂಡೆ. “ನಾನು ಗಮನಿಸಿಯೇ ಇರಲಿಲ್ಲ. ಈಗ ತೆಗೆದು ನೋಡಿದಾಗಲೆಲ್ಲ ಅದೇ ಕಾಣುತ್ತೆ,” ಎಂದು ಸಿಡುಕಿದಳು. ಅವಳು ಹೇಳಿದ್ದೂ ಸರಿಯೇ.

ಆ ದಿನಗಳಲ್ಲಿ ಕಾಮಾಲೆ ಬಂದಿತ್ತೆಂಬುದು ನಿಮ್ಮ ಅಮ್ಮನಿಗೆ ನೆನಪಿದೆ. ಈ ಹದಿನಾಲ್ಕು ಹೆಸರುಗಳು ಆ ವಾರದವು ಎಂದು ಅವಳಿಗೆ ಗೊತ್ತಿಲ್ಲ. ತನ್ನಿಂದ ಆಯಿತೆಂದು ಅಂದುಕೊಂಡಾಳೆಂದು ಹೇಳಿರಲಿಲ್ಲ. ಅವಳಿಂದ ಆದದ್ದಲ್ಲ. ದಣಿವಿನಿಂದ ಆದದ್ದೂ ಅಲ್ಲ. ದಣಿದ ಕೈ ಹಾಗೇ ಬರೆಯುತ್ತದೆ, ಅದರ ಮೇಲೆ ನನಗೆ ಕೋಪವಿಲ್ಲ. ‘ಮಾಸ್ಟರ್ ಗಾರೂ, ಕೆಳಗಿನ ಹದಿನಾಲ್ಕು ಸರಿಯಿಲ್ಲ’ ಎಂದು ಬಾಗಿಲಲ್ಲಿ ಹೇಳಲು ಅರ್ಧ ನಿಮಿಷ ಸಾಕಿತ್ತು. ನನಗೆ ನಾಚಿಕೆಯಾಯಿತು, ಸುಮ್ಮನಾದೆ. ನನ್ನ ಮೌನಸ್ವಭಾವವನ್ನು ನೆಂಟರೆಲ್ಲ ಹೊಗಳುತ್ತಿದ್ದರು, ನಾನೂ ಅದನ್ನು ಒಳ್ಳೆಯ ಗುಣವೆಂದೇ ತಿಳಿದಿದ್ದೆ. ಇನ್ನೊಬ್ಬರ ಹೆಸರು ನಮ್ಮ ಕೈಯಲ್ಲಿರುವಾಗ ನಾಚಿಕೊಂಡು ಸುಮ್ಮನಿರುವ ಹಕ್ಕು ನಮಗಿರುವುದಿಲ್ಲ ಎಂದು ಆ ಕೆಲಸ ನನಗೆ ಕಲಿಸಿತು. ಅದನ್ನು ನಾನು ಕಲಿಯುವಷ್ಟರಲ್ಲಿ ಮೀನು ಮಾರುವ ಒಬ್ಬ ತಾಯಿ ಮೂರು ದಿನ ಒಲೆ ಹಚ್ಚಿರಲಿಲ್ಲ.