ಚಿಂದಿ ಕೋಣೆಯ ನೀರು

ಬೆಳಕು ಹರಿಯುವ ಮೊದಲು ಸೊಸೆ ಮುಗಿಸಬೇಕಾದವು: ನಲ್ಲಿ ನಿಲ್ಲುವುದರೊಳಗೆ ಕೊಡ, ಬಕೆಟ್ಟು, ಡ್ರಮ್ಮು ತುಂಬುವುದು. ಲಕ್ವ ಹೊಡೆದು ಮಲಗಿದ ಮಾವನನ್ನು ಮಗ್ಗುಲಿಗೆ ಹೊರಳಿಸಿ ಹಾಸಿಗೆ ಬದಲಿಸುವುದು. ಒದ್ದೆಯಾದದ್ದನ್ನು ಒಗೆದು ತಂತಿಗೆ ಹರವುವುದು. ಒಲೆ ಹೊತ್ತಿಸುವುದು. ಗಂಡನಿಗೊಂದು ಬುತ್ತಿ, ನಾದಿನಿಗೊಂದು, ಕೊನೆಗೆ ತಳ ಹಿಡಿದದ್ದು ತನಗೆ. ಅತ್ತೆಯ ಕಾಲಿಗೆ ಎಣ್ಣೆ ಉಜ್ಜುವುದು. ನಾದಿನಿಯನ್ನು ಎರಡು ಸಲ ಎಬ್ಬಿಸುವುದು, ಮೊದಲ ಸಲಕ್ಕೆ ಬೈಗುಳ, ಎರಡನೆಯದಕ್ಕೆ "ಮೊದಲೇ ಯಾಕೆ ಎಬ್ಬಿಸಲಿಲ್ಲ?"

ಆಮೇಲೆ ಅತ್ತಿಗೆ ನಾದಿನಿ ಇಬ್ಬರೂ ಒಂದೇ ಬಸ್ಸು ಹತ್ತಿ ಒಂದೇ ಕಾರ್ಖಾನೆಗೆ ಹೋಗುತ್ತಾರೆ.

ಅಲ್ಲಿಗೆ ಬಟ್ಟೆ ಬರುವುದು ಹೊರದೇಶದಿಂದ. ಸುಂಕ ಕಟ್ಟದೆ ಒಳಗೆ ಬರುತ್ತದೆ, ಒಂದೇ ಷರತ್ತಿನ ಮೇಲೆ: ಕೋಟುಗಳಾಗಿ ಹೊಲಿಸಿಕೊಂಡು ಹೊರಗೆ ಹೋಗಬೇಕು. ಬಂದ ಬಟ್ಟೆಗೂ ಹೋದ ಕೋಟುಗಳಿಗೂ ಉಳಿದ ಚಿಂದಿಗೂ ತಾಳೆಯಾಗಬೇಕು. ಚಿಂದಿಯನ್ನು ಸುಂಕದ ಸಾಹೇಬರ ಕಣ್ಣೆದುರು ತೂಗಿ ಸುಡುತ್ತಾರೆ. ಮೂಗು ಒರೆಸುವಷ್ಟು ತುಂಡು ಕೂಡ ಗೇಟಿನಾಚೆ ಹೋಗಕೂಡದು.

ನಾದಿನಿ ಹೊಲಿಗೆ ಮಷಿನ್ನಿನ ಮೇಲೆ. ಅತ್ತಿಗೆಯೂ ಮೊದಲು ಅಲ್ಲೇ ಇದ್ದಳು. ಸೂಜಿ ಉಗುರಿನೊಳಗಿಳಿದು ತೋರುಬೆರಳು ಸೊಟ್ಟಗಾದ ಮೇಲೆ ಅವಳನ್ನು ಚಿಂದಿ ಕೋಣೆಗೆ ತಳ್ಳಿದರು. ಚಿಂದಿಯಕ್ಕ ಎಂಬ ಹೆಸರೂ ಅಂಟಿಕೊಂಡಿತು. ಅವಳಿಗೆ ಬೇಸರವಿಲ್ಲ. ಆ ಕೋಣೆಗೆ ಬಾಗಿಲಿದೆ, ಒಂದು ಸ್ಟೂಲಿದೆ. ಮದುವೆಯಾದ ಮೇಲೆ ಅವಳು ಕೂತು ಉಂಡದ್ದು ಅಲ್ಲಿ ಮಾತ್ರ.

ಬೆಳಗ್ಗೆ ತೂಗಿ ಬರೆದಿಟ್ಟ ಚಿಂದಿ ಒಣಗಿದಷ್ಟೂ ಹಗುರವಾಗುತ್ತದೆ. ತೂಕ ಕಡಿಮೆ ಬಿದ್ದರೆ ಇಸ್ತ್ರಿಗೆ ಚಿಮುಕಿಸುವ ಹಾಗೆ ಅವಳು ಒಂದು ಬೊಗಸೆ ನೀರು ಚಿಮುಕಿಸಿಬಿಡುತ್ತಾಳೆ. ಮೇಸ್ತ್ರಿಗೂ ಇದು ಗೊತ್ತು. ಸಾಹೇಬರು ಚಿಂದಿಗೆ ಕೈ ಹಾಕಿ ನೋಡುವ ಪೈಕಿ ಅಲ್ಲ.

ಒಂದು ರಾತ್ರಿ ಅತ್ತೆ ಊಟದ ಹೊತ್ತಿಗೆ ಮಾತು ತೆಗೆದಳು. "ಇವರನ್ನ ಎತ್ತಿ ಇಳಿಸೋಕೆ ನನ್ನ ಕೈಲಾಗಲ್ಲ. ಒಬ್ಬಳು ಕೆಲಸ ಬಿಡಬೇಕು."

"ಒಬ್ಬಳು ಅಂದ್ರೆ ಯಾರತ್ತೆ?"

ನಾದಿನಿ ಕಿಸಕ್ಕನೆ ನಕ್ಕಳು. "ಕೇಳ್ತಾಳೆ ನೋಡಮ್ಮ! ಅತ್ತಿಗೆ, ನೀನು ಅಲ್ಲೂ ಕಸ ಬಾಚೋಳೇ. ಇಲ್ಲೇ ಬಾಚು, ಬಸ್ಸಲ್ಲಿ ನೂಕಾಡೋದಾದ್ರೂ ತಪ್ಪುತ್ತೆ."

"ಅವರು ನಿನಗೂ ಅಪ್ಪ ಅಲ್ವೇನೇ?"

"ಬಾಯಿ ಬಂತು ಇವಳಿಗೆ," ಎಂದಳು ಅತ್ತೆ. ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ. "ಈ ತಿಂಗಳು ಮುಗೀಲಿ, ನೀನು ಕೆಲಸ ಬಿಟ್ಟುಬಿಡು," ಎಂದ.

ಮರುದಿನ ಮಧ್ಯಾಹ್ನ ನಾದಿನಿ ಹೊಟ್ಟೆ ಹಿಡಿದುಕೊಂಡು ಚಿಂದಿ ಕೋಣೆಗೆ ಬಂದಳು. ಮುಖ ಬಿಳಿಚಿಕೊಂಡಿತ್ತು.

"ಅತ್ತಿಗೆ, ಮುಟ್ಟಾಗಿಬಿಟ್ಟಿದೀನಿ. ಇಟ್ಕೊಳ್ಳೋಕೆ ಏನೂ ತಂದಿಲ್ಲ. ಒಗೆದ ಬಟ್ಟೆ ಒಂದೂ ಒಣಗಿರಲಿಲ್ಲ, ತಂತಿ ತುಂಬಾ ನೀನು ಅಪ್ಪನ ಹಾಸಿಗೆ ಬಟ್ಟೆ ಹರವಿದ್ದೆ."

"ಜರುಗಿಸಿ ಹಾಕಿಕೊಳ್ಳೋಕೆ ನಿನಗೆ ಕೈ ಇರಲಿಲ್ವಾ?"

"ಜಗಳ ಮನೇಲಾಡೋಣ. ಕುರ್ಚಿಗೆ ಕಲೆಯಾದ್ರೆ ಆ ಮೇಸ್ತ್ರಿ ಎಲ್ಲರ ಮುಂದೆ ಒರೆಸೋಕೆ ನಿಲ್ಲಿಸ್ತಾನೆ. ಒಂದು ತುಂಡು ಕೊಡು. ಕೈ ಮುಗೀತೀನಿ."

ಚಿಂದಿಯಕ್ಕ ಮೂಟೆಗೆ ಕೈ ಹಾಕಿ ಕೋಟಿನ ಒಳಪದರಕ್ಕೆ ಬಳಸುವ ಮೆತ್ತನೆಯ ಬಿಳಿ ಬಟ್ಟೆ ಹುಡುಕಿ, ಮಡಿಚಿ ಕೊಟ್ಟಳು. ಬೇಕಾದದ್ದಕ್ಕಿಂತ ದೊಡ್ಡದನ್ನೇ ಕೊಟ್ಟಳು. ನಾದಿನಿ ಅವಳ ಭುಜ ಒತ್ತಿದಳು. "ಸಂಜೆ ಪಾತ್ರೆ ನಾನೇ ತೊಳೀತೀನಿ."

ಇಷ್ಟು ವರ್ಷದಲ್ಲಿ ಆ ಮಾತು ಆ ಬಾಯಿಂದ ಬಂದದ್ದು ಅದೇ ಮೊದಲು.

ಟೀ ಹೊತ್ತಿಗೆ ಮೇಸ್ತ್ರಿ ಓಡಿಬಂದ. "ಚಿಂದಿಯಕ್ಕಾ, ಸಾಹೇಬರು ನಾಳೆ ಬರಬೇಕಾದವರು ಈಗಲೇ ಬಂದು ಕೂತಿದ್ದಾರೆ. ಹೊಸಬರು, ಸಿಡುಕು. ಬೆಳಗ್ಗೆ ತೂಗಿದ್ದಕ್ಕಿಂತ ಕಡಿಮೆ ಬಿದ್ರೆ ಹೆಂಗಸರನ್ನೆಲ್ಲ ಪರದೆ ಹಿಂದೆ ನಿಲ್ಲಿಸಿ, ಬಟ್ಟೆ ಬಿಚ್ಚಿಸಿ ನೋಡ್ತಾರಂತೆ. ಸಿಕ್ಕಿಬಿದ್ದವಳು ಇನ್ನು ಈ ಗೇಟಿನೊಳಗೆ ಕಾಲಿಡೋ ಹಾಗಿಲ್ಲ. ನೀರಿದೆ ತಾನೆ?"

"ಇದೆ."

"ಹಾಗಾದ್ರೆ ಸರಿ." ಅವನು ಹೋದ.

ಬಾಗಿಲು ಮುಚ್ಚಿಕೊಂಡಿತು. ಅವಳು ಮೂಟೆಯನ್ನು ತಕ್ಕಡಿಗಿಟ್ಟಳು. ಮುಳ್ಳು ಬೆಳಗಿನ ತೂಕಕ್ಕಿಂತ ಕೂದಲೆಳೆಯಷ್ಟು ಹಿಂದೆ ನಿಂತಿತು. ಬುತ್ತಿಯ ಪಕ್ಕದ ಬಾಟಲಿಯಲ್ಲಿ ಅರ್ಧದಷ್ಟು ನೀರಿತ್ತು. ಒಂದು ಬೊಗಸೆ ಸಾಕು.

ಗೋಡೆಯಾಚೆ ಮಷಿನ್ನುಗಳು ಗುಂಯ್‌ಗುಡುತ್ತಿದ್ದವು. ಅವುಗಳಲ್ಲೊಂದರ ಮುಂದೆ ನಾದಿನಿ ಈಗ ನಿಶ್ಚಿಂತೆಯಿಂದ ಕೂತಿರುತ್ತಾಳೆ. ಕೆಲಸ ಕಳೆದುಕೊಂಡರೆ ನಾಳೆಯಿಂದ ಮನೆಯಲ್ಲಿರುತ್ತಾಳೆ. ಮಾವನನ್ನು ಹೊರಳಿಸುತ್ತಾಳೆ, ಒಗೆಯುತ್ತಾಳೆ, ಹರವುತ್ತಾಳೆ. ಪರದೆಯ ಹಿಂದಿನಿಂದ "ಅತ್ತಿಗೆಯೇ ಕೊಟ್ಟಳು" ಎಂದು ಕೂಗಬಹುದು. ಕೂಗಲಿ. ಅತ್ತಿಗೆ ನಾದಿನಿಗೆ ಉಪಕಾರ ಮಾಡಿದಳೆಂದರೆ ಯಾರು ನಂಬುತ್ತಾರೆ?

ಭುಜದ ಮೇಲೆ ನಾದಿನಿ ಒತ್ತಿದ ಜಾಗ ಇನ್ನೂ ಬೆಚ್ಚಗಿದೆ ಅನ್ನಿಸಿತು. ಸೊಟ್ಟ ಬೆರಳಿನಿಂದ ಅದನ್ನು ಉಜ್ಜಿಕೊಂಡಳು.

ಬಾಟಲಿಯ ಮುಚ್ಚಳ ತಿರುಗಿಸಿದಳು. ಸ್ಟೂಲಿನ ಮೇಲೆ ಕೂತು, ನೀರನ್ನೆಲ್ಲ ನಿಧಾನವಾಗಿ ಕುಡಿದಳು, ಕೊನೆಯ ಹನಿಯವರೆಗೆ. ಆಮೇಲೆ ಎದ್ದು ಮೂಟೆಯ ಬಾಯಿ ಬಿಗಿದು ಗಂಟು ಹಾಕಿದಳು.